ತಗಡಿನ ತಮಟೆಯವನ ಮೆಟ್ಟು

ನಮ್ಮಣ್ಣ ಲಕ್ಕಯ್ಯನಂಥ ಮೊಂಡನನ್ನು ನಾನಂತೂ ಇನ್ನೊಬ್ಬನನ್ನು ಕಂಡಿಲ್ಲ. ಹೆತ್ತ ತಾಯಿಯೇ ಅವನ ಜೊತೆ ಮಾತಿಗೆ ನಿಲ್ಲುತ್ತಿರಲಿಲ್ಲ, ಇನ್ನು ತಂಗಿ ನಾನು ಯಾವ ಲೆಕ್ಕ. ಐವತ್ತೆಂಟನೇ ಇಸವಿಯಲ್ಲಿ ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಟಾರ್ ರಸ್ತೆ ಹಾಕುವಾಗ ಅಲ್ಲಿ ಕೂಲಿಗೆ ಹೋಗುತ್ತಿದ್ದ. ಸಂಜೆ ಬರುವಾಗ ಮೇಸ್ತ್ರಿ ಬಿಸಾಕಿದ ಖಾಲಿ ಟಾರ್ ಪೀಪಾಯಿ ಉರುಳಿಸಿಕೊಂಡು ಬರುತ್ತಿದ್ದ. ಮುರಿದ ಗಾಡಿಚಕ್ರದ ಕಬ್ಬಿಣದ ಪಟ್ಟಿ, ಹರಿದ ಲಾರಿ ಟೈರು, ಎಲ್ಲ ನಮ್ಮ ಗುಡಿಸಲ ಮುಂದೆ ಗುಡ್ಡೆ ಬಿದ್ದವು. ಬಿಂದಿಗೆ ಹೊತ್ತು ಬರಲು ನನಗೆ ದಾರಿಯಿಲ್ಲ. ಗುಜರಿ ಅಂಗಡಿ ಇಡುತ್ತೀಯಾ ಎಂದು ಬೈದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಪೀಪಾಯಿ ಸೀಳಿ, ಬಡಿದು ಚಪ್ಪಟೆ ಮಾಡಿ, ಕೊನೆಗೆ ಅವನು ಮಾಡಿದ್ದು ಆಳೆತ್ತರದ ಒಬ್ಬ ತಮಟೆಯವನನ್ನು. ಗಾಡಿಪಟ್ಟಿಯೇ ತಮಟೆಯ ಸುತ್ತು, ಪೀಪಾಯಿಯ ಮುಚ್ಚಳವೇ ಚರ್ಮ. ನಮ್ಮ ಕೇರಿಯ ಗಂಡಸರು ತಲೆತಲಾಂತರದಿಂದ ಊರಿಗೆ ತಮಟೆ ಬಡಿದವರು. ಗುಡಿಯ ಗೋಡೆಯಲ್ಲಿ ನಮ್ಮವನೊಬ್ಬನ ಚಿತ್ರವಾದರೂ ಇದೆಯಾ ಎಂದು ಅಣ್ಣ ಕೇಳುತ್ತಿದ್ದ. ಕೇರಿಯ ದಾರಿ ಟಾರ್ ರಸ್ತೆಗೆ ಸೇರುವ ಕಡೆ, ಬಸ್ಸಿನವರಿಗೆಲ್ಲ ಕಾಣುವ ಹಾಗೆ ಅದನ್ನು ನಿಲ್ಲಿಸಿದ.

ಊರಿನ ಪಟೇಲ ತಿಮ್ಮಪ್ಪನವರು ಬಂದು ನೋಡಿ ಭೇಷ್ ಅಂದರು, ಕಲ್ಲಿನ ಕಟ್ಟೆ ಕಟ್ಟಿಸಿಕೊಡುತ್ತೇನೆ ಅಂದರು. ಆಮೇಲೆ ಅವರ ಕಣ್ಣು ಕೆಳಗೆ ಹೋಯಿತು. ತಗಡಿನವನ ಕಾಲಲ್ಲಿ ಟೈರಿನ ಮೆಟ್ಟು ಇತ್ತು. ನಮ್ಮವರು ಅವರ ಬೀದಿಗೆ ಹೋದರೆ ಮೆಟ್ಟು ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಕಾಲ ಅದು. ಮೆಟ್ಟು ತೆಗೆದರೆ ಕಟ್ಟೆ, ಇಲ್ಲದಿದ್ದರೆ ಬೊಂಬೆಯೇ ಇರುವುದಿಲ್ಲ ಎಂದು ಹೇಳಿ ಹೋದರು.

ಅಣ್ಣ ತೆಗೆಯುವುದಿಲ್ಲ ಅಂದ. ಅಪ್ಪ ಹುಚ್ಚಯ್ಯನಿಗೆ ಜೀವ ಹೋದಂತಾಯಿತು. ಊರಹಬ್ಬದ ತಮಟೆ ಅಪ್ಪನದು. ಅದು ತಪ್ಪಿದರೆ ತಾನು ಬದುಕಿದ್ದು ಯಾಕೆ ಎಂದು ಗೋಗರೆದ. ಹೆದರಿಕೆ ನನಗೂ ಇತ್ತು. ತಗಡಿನ ಕಾಲಿಗೇನು ಮುಳ್ಳು ಚುಚ್ಚುತ್ತದಾ, ತೆಗೆದು ಹಾಕು ಎಂದೆ. ಅಣ್ಣ ಊಟ ಬಿಟ್ಟ, ಮಾತು ಬಿಟ್ಟ, ಹಟ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ತಿಮ್ಮಪ್ಪನವರು ಹಾರೆ ಹಿಡಿದ ಆಳುಗಳ ಜೊತೆ ಬಂದರು. ಅಣ್ಣ ಅಡ್ಡ ನಿಂತ. ಅಷ್ಟರಲ್ಲಿ ಅಪ್ಪ ಮಗನನ್ನು ಪಕ್ಕಕ್ಕೆ ತಳ್ಳಿ, ತಾನೇ ಬಿಚ್ಚುತ್ತೇನೆಂದು ಕುಕ್ಕರುಗಾಲಲ್ಲಿ ಕೂತ. ಬಲಗಾಲಿನ ಮೆಟ್ಟು ಬಿಚ್ಚಿದ. ಎಡಗಾಲಿನದರ ಬಾರು ಸಡಿಲಿಸಿ, ಬೆರಳು ಮುಚ್ಚಿದ್ದ ಅಗಲ ಪಟ್ಟಿ ಸರಿಸಿದವನ ಕೈ ಅಲ್ಲೇ ನಿಂತಿತು. ಆ ಕಾಲಿಗೆ ನಾಲ್ಕೇ ಬೆರಳು.

ಅಪ್ಪನ ಎಡಗಾಲಿಗೂ ನಾಲ್ಕೇ. ಹಿಂದೊಮ್ಮೆ ತಿಮ್ಮಪ್ಪನವರ ಬೀದಿಯಲ್ಲೇ ಬರಿಗಾಲಲ್ಲಿ ತಮಟೆ ಬಡಿಯುವಾಗ ಗಾಜು ಹೊಕ್ಕು, ಕೀವಾಗಿ, ಹಾಸನದ ಆಸ್ಪತ್ರೆಯಲ್ಲಿ ಕಿರುಬೆರಳು ಕತ್ತರಿಸಿದ್ದರು.

ಅಪ್ಪ ಮಗನ ಮುಖ ನೋಡಿದ. ಆಮೇಲೆ ಎರಡೂ ಮೆಟ್ಟನ್ನು ಮತ್ತೆ ತಗಡಿನ ಕಾಲಿಗೆ ತೊಡಿಸಿ ಬಾರು ಬಿಗಿದ.

"ಇದು ನಾನೇ ಕಣ್ ಬುದ್ದಿ," ಅಂದ ತಿಮ್ಮಪ್ಪನವರಿಗೆ. "ಬಿಚ್ಚಾಕಿಲ್ಲ. ಕೀಳೋದಾದ್ರೆ ನನ್ನೂ ಸೇರ್ಸೇ ಕೀಳಿ."

ಮುದುಕನ ಮೇಲೆ ಕೈಮಾಡಲು ಆಳುಗಳಿಗೂ ಮನಸ್ಸಾಗಲಿಲ್ಲ. ಹಾರೆ ಹೊತ್ತು ಹೊರಟರು. ಇನ್ನು ಹಬ್ಬಕ್ಕೆ ನಿನ್ನ ತಮಟೆ ಬೇಡ ಎಂದು ಹೇಳಿ ತಿಮ್ಮಪ್ಪನವರೂ ಹೋದರು.

ಆ ವರ್ಷ ಹಬ್ಬಕ್ಕೆ ಬೇರೆ ಊರಿನ ತಮಟೆಯವರು ಬಂದರು. ಅಪ್ಪ ಮೆಟ್ಟು ಹಾಕಿಕೊಂಡೇ ತಿಮ್ಮಪ್ಪನವರ ಬೀದಿಗೆ ಹೋಗಿ, ಜನರ ನಡುವೆ ನಿಂತು ಕೇಳಿ, ಮನೆಗೆ ಬಂದು ನನ್ನ ಹತ್ತಿರ ಕೂತ. ಕಣ್ಣು ತುಂಬಿತ್ತು.

"ಅವ್ರಿಗೆ ಬಡಿಯಾಕೇ ಬರಾಕಿಲ್ಲ ಕಣವ್ವ," ಅಂದ.