ಕೌದಿಯ ಹೊಟ್ಟೆ

ಹೂಲಿಯಿಂದ ತುಸು ಆಚೆಗೆ ಒಂದು ಊರು. ಅದರ ಹೆಸರು ಬೇಡ ಬಿಡಿ. ಹೇಳಿದರೆ ಅಲ್ಲಿನ ಹೆಡ್‌ಮಾಸ್ತರರಿಗೆ ಸಿಟ್ಟು ಬಂದೀತು, ಅವರ ಸಿಟ್ಟೋ ಮೂಗಿನ ತುದಿಯಲ್ಲೇ ಇರುವಂಥದ್ದು. ಆ ಊರಿನ ಶಾಲೆಯಲ್ಲಿ ಗುರುಬಸವ್ವ ಅಕ್ಕೋರು ಮಕ್ಕಳಿಗೆ ಇತಿಹಾಸ ಕಲಿಸುತ್ತಾರೆ. ಪಾಠ ಹೇಳುವ ಹೆಣ್ಣುಮಗಳನ್ನು ನಮ್ಮ ಕಡೆ ಅಕ್ಕೋರು ಅನ್ನುವುದೇ ವಾಡಿಕೆ. ಬೈಲಹೊಂಗಲದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಮಡಿವಾಳೆಪ್ಪನ ಮಗಳು ಅವರು, ಕಟಕೋಳದ ಅಂದಾನೆಪ್ಪನ ಹೆಂಡತಿ. ಮಾತು ಜೋರು, ನಡಿಗೆ ಅದಕ್ಕಿಂತ ಜೋರು, ಮನಸ್ಸು ಮಾತ್ರ ಬೆಣ್ಣೆ.

ಅಕ್ಕೋರದು ಒಂದೇ ಹಟ. "ಇತಿಹಾಸದಾಗ ಸುಳ್ಳ ಹೇಳಬಾರದು. ಗೊತ್ತಿದ್ರ ಹೇಳ್ರಿ, ಇಲ್ಲಂದ್ರ ಗೊತ್ತಿಲ್ಲ ಅನ್ರಿ," ಎಂದು ವರ್ಷದ ಮೊದಲ ಪಾಠದಲ್ಲೇ ಮಕ್ಕಳಿಗೆ ತಾಕೀತು. ಮಕ್ಕಳು ಏನಾದರೂ ಕೇಳಿ ತಮಗೆ ತಿಳಿಯದಿದ್ದರೆ, ತಾವೂ ಹಾಗೇ ಅಂದುಬಿಡುತ್ತಿದ್ದರು. ಇದರಿಂದ ಹೆಡ್‌ಮಾಸ್ತರ ಬಸವಲಿಂಗ ಸರ್ ಅವರಿಗೆ ಭಾರೀ ಮುಜುಗರ. ತಪಾಸಣೆಗೆ ಬಂದ ಸಾಹೇಬರ ಎದುರಿಗೂ ಈಕೆ "ಗೊತ್ತಿಲ್ರಿ" ಅನ್ನುವವಳೇ!

ಪ್ರತಿ ವರ್ಷ ಅಕ್ಕೋರು ಮಕ್ಕಳನ್ನು ಕಿತ್ತೂರಿಗೆ ಕರೆದುಕೊಂಡು ಹೋಗುತ್ತಿದ್ದರು. ಕೋಟೆ, ಬಿದ್ದ ಅರಮನೆ, ಅದರ ಪಕ್ಕದ ವಸ್ತುಸಂಗ್ರಹಾಲಯ. ಮಕ್ಕಳು ಗಾಜಿಗೆ ಮೂಗು ಒತ್ತಿ ಕತ್ತಿ ನೋಡುವವರು, "ಅಕ್ಕೋರ, ಒಮ್ಮೆ ಮುಟ್ಟಿ ನೋಡ್ಲಿ?" ಎಂದು ಕೇಳುವವರು. "ಮುಟ್ಟಬ್ಯಾಡೋ ಮಾರಾಯಾ, ಕಣ್ಣೀಲೆ ನೋಡು," ಎಂದು ಎಲ್ಲರ ಕೈ ಹಿಡಿದು ಹಿಂದೆ ಎಳೆಯುವುದರಲ್ಲೇ ಅಕ್ಕೋರಿಗೆ ಸಾಕುಸಾಕಾಗುತ್ತಿತ್ತು. ಒಂದು ವರ್ಷ ಹೀಗೇ ಎಳೆದೆಳೆದು ದಣಿದು, ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಅನ್ನಿಸಿತು: ಮಕ್ಕಳು ಕೈಯಲ್ಲಿ ಹಿಡಿದು, ಮೈಮೇಲೆ ಹೊದ್ದುಕೊಂಡು ಕಲಿಯುವ ಇತಿಹಾಸ ಒಂದಾದರೂ ಶಾಲೆಯಲ್ಲಿ ಇರಬಾರದೇ?

ಅವರಿಗೆ ತವರಿನ ಮಧ್ಯಾಹ್ನಗಳು ನೆನಪಾದವು. ಅವ್ವ ಸೋಮವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಹಳೇ ಅರಿವೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಸೂಜಿ ಒಂದು ಕಡೆ, ಬಾಯಿ ಒಂದು ಕಡೆ. ಇದು ನಿಮ್ಮ ಅಜ್ಜನ ಧೋತರ, ಇದು ನಿಮ್ಮ ಸೋದರತ್ತೆ ಮದುವೆಯಲ್ಲಿ ಉಟ್ಟಿದ್ದು, ಈ ಚೌಕಡಿ ಅಂಗಿ ಹಾಕಿಕೊಂಡೇ ನಿಮ್ಮ ಕಾಕಾ ಮನೆ ಬಿಟ್ಟು ಓಡಿಹೋಗಿದ್ದ. ಒಂದು ಕೌದಿ ಮುಗಿಯುವುದರೊಳಗೆ ಇಡೀ ಮನೆತನದ ಕಥೆ ಮುಗಿಯುತ್ತಿತ್ತು.

ಸರಿ, ಆರನೇತ್ತೆಯ, ಅಂದರೆ ಆರನೇ ತರಗತಿಯ, ಮಕ್ಕಳಿಗೆ ಅಪ್ಪಣೆಯಾಯಿತು. "ನಿಮ್ಮ ನಿಮ್ಮ ಮನ್ಯಾಗಿನ ಹಳೇ ಅರಿವಿ ಒಂದೊಂದ ತುಂಡ ತರ್ರಿ. ಯಾರದು, ಯಾವಾಗಿಂದು, ಏನ ಕಥಿ, ಎಲ್ಲಾ ಕೇಳ್ಕೊಂಡ ಬರ್ರಿ." ತಗೋ, ಮರುದಿನದಿಂದ ಶಾಲೆಗೆ ಚಿಂದಿಯ ಜಾತ್ರೆ! ಒಬ್ಬ ಅಜ್ಜ ತಲೆಗೆ ಸುತ್ತುತ್ತಿದ್ದ ಪಟಗದ ತುದಿ ತಂದ. ಸುನೀಲ ಎಂಬವನು ತಂದದ್ದು ಕುರಿ ಕಾಯುವ ಮುತ್ತಜ್ಜನ ಕಂಬಳಿ ಚೂರು. ಅದರ ವಾಸನೆಗೆ ಇಡೀ ಕ್ಲಾಸು ಮೂಗು ಮುಚ್ಚಿಕೊಂಡಿತು.

ಶೈಲಶ್ರೀ ಮಾತ್ರ ಏನೂ ತರಲಿಲ್ಲ. ಮಾಳಪ್ಪನ ಮಗಳು ಅವಳು. ಅವ್ವ ಸತ್ಯವ್ವ ಜ್ವರ ಬಂದು ತೀರಿಕೊಂಡಿದ್ದಳು, ಈಗ ಅಜ್ಜಿ ಕರೆವ್ವನೇ ಎಲ್ಲ. ಆ ಮನೆಯ ಪದ್ಧತಿಯಂತೆ ಸತ್ತವಳ ಸೀರೆ ಕುಪ್ಪಸವನ್ನೆಲ್ಲ ಮಲಪ್ರಭೆಗೆ ಬಿಟ್ಟು ಬಂದಿದ್ದರು. ಆದರೆ ಒಂದು ತುಂಡು ಉಳಿದಿತ್ತು. ಸತ್ಯವ್ವ ತನ್ನ ಹರಿದ ಇಳಕಲ್ ಸೀರೆಯ ಸೆರಗನ್ನು ಹೊಲಕ್ಕೆ ಬುತ್ತಿ ಕಟ್ಟಲು ಇಟ್ಟುಕೊಂಡಿದ್ದಳು. ರೊಟ್ಟಿ ಬುಟ್ಟಿಯ ತಳದಲ್ಲಿ ಇದ್ದದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡೇ ಶೈಲಶ್ರೀ ದಿನಾ ಶಾಲೆಗೆ ಬರುತ್ತಿದ್ದಳು.

"ಅದನ್ನ ಕೊಡ ನನ್ನವ್ವ," ಎಂದು ಅಕ್ಕೋರೇ ಕೇಳಿದರು.

ಹುಡುಗಿ ಬುತ್ತಿಯನ್ನು ಎದೆಗೆ ಅವುಚಿಕೊಂಡಳು. "ಕೊಡಂಗಿಲ್ರಿ ಅಕ್ಕೋರ. ಇದೊಂದ ಐತ್ರಿ."

"ನಾ ಏನ ನುಂಗತೇನೇನ ಅದನ್ನ? ಎಲ್ಲಾರ ಕೂಡ ನಿಮ್ಮವ್ವಂದೂ ಒಂದು ತುಂಡು ಬ್ಯಾಡೇನು? ನೀ ಏಳನೇತ್ತಿ ಮುಗಿಸಿ ಹೋಗೂ ದಿನ ನಾನ ಬಿಚ್ಚಿ ನಿನ್ನ ಕೈಯಾಗ ಕೊಡತೇನಿ. ಮಾತ ಕೊಡತೇನಿ, ತಗೋ," ಎಂದು ಅಕ್ಕೋರು ಅಂಗೈ ಚಾಚಿದರು. ಹುಡುಗಿ ಬಹಳ ಹೊತ್ತು ಆ ಅಂಗೈಯನ್ನೇ ನೋಡಿದಳು. ಆಮೇಲೆ ಗಂಟು ಬಿಚ್ಚಿ, ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡು, ಅರಿವೆಯನ್ನು ಅಕ್ಕೋರ ಕೈಗಿಟ್ಟಳು.

ಕೌದಿ ಬೆಳೆಯಿತು. ಸಮಾಜ ಪಾಠದ ಹೊತ್ತಿಗೆ ಮಕ್ಕಳೆಲ್ಲ ಸುತ್ತ ಕೂತು ಹೊಲಿಯುವುದು, ತಮ್ಮ ತುಂಡು ಬಂದಾಗ ಅದರ ಕಥೆ ಹೇಳುವುದು. ಗಂಡುಹುಡುಗರೂ ಸೂಜಿ ಚುಚ್ಚಿಸಿಕೊಂಡು "ಯವ್ವಾ" ಅಂದರು. ಸತ್ಯವ್ವನ ದಾಳಿಂಬೆ ಬಣ್ಣದ ಸೆರಗು ನಟ್ಟನಡುವೆ ಬಂತು. ಕೊನೆಯ ದಿನ ಕೌದಿಯ ಹೊಟ್ಟೆ ತುಂಬುವ ಶಾಸ್ತ್ರ. ನಡುವಿನ ತುಂಡಿನ ಕೆಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಹೊಟ್ಟೆ ಖಾಲಿ ಇದ್ದರೆ ಕೌದಿ ಬೆಚ್ಚಗೆ ಇಡುವುದಿಲ್ಲ ಎಂದು ಸೋಮವ್ವ ನಂಬಿದ್ದಳು, ಕರೆವ್ವನೂ ನಂಬಿದ್ದಳು. ಶೈಲಶ್ರೀ ತನ್ನ ಬುತ್ತಿಯ ಜೋಳದ ರೊಟ್ಟಿಯಿಂದಲೇ ಒಂದು ಚೂರು ಮುರಿದು ಇಟ್ಟಳು. ಅಂದಿನಿಂದ ಕೌದಿ ಕ್ಲಾಸಿನ ಗೋಡೆಯ ಮೇಲೆ ತೂಗಿತು. ಊಟದ ಬಿಡುವಿನಲ್ಲಿ ಎಲ್ಲರೂ ಆಡಲು ಓಡಿದರೆ ಶೈಲಶ್ರೀ ಒಳಗೆ ಹೋಗಿ, ಆ ನಡುವಿನ ತುಂಡಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದಳು. ಅಕ್ಕೋರು ಕಂಡೂ ಕಾಣದ ಹಾಗೆ ಹೊರಗೇ ಇರುತ್ತಿದ್ದರು.

ಇನ್ನು ಆದ ಅನಾಹುತ ಕೇಳಿ. ಶಾಲೆಯ ಹೊಸ ಕೋಣೆಯ ಉದ್ಘಾಟನೆಗೆ ದೊಡ್ಡ ಅತಿಥಿಯೊಬ್ಬರು ಬಂದರು. ಭಾಷಣ ಆಯಿತು, ಮಾಲೆ ಆಯಿತು, ಇನ್ನು ಶಾಲು ಹೊದಿಸಬೇಕು. ಶಾಲು ಎಲ್ಲಿ? ಸವದತ್ತಿಯಿಂದ ತಂದ ಶಾಲಿನ ಚೀಲ ಬಸ್ಸಿನಲ್ಲೇ ಉಳಿದುಹೋಗಿತ್ತು! ಶಾಲು ಇಲ್ಲದೆ ಸನ್ಮಾನವೇ? ಬಸವಲಿಂಗ ಸರ್ ಮುಖದಲ್ಲಿ ಬೆವರು ಇಳಿಯಿತು. ವೇದಿಕೆಯ ಮರೆಯಿಂದ ಕೈಸನ್ನೆ ಮಾಡಿ, "ಅಕ್ಕೋರ, ನಿಮ್ಮ ಕೌದಿ ತರ್ರಿ, ಲಗೂನ," ಎಂದು ಪಿಸುಗುಟ್ಟಿದರು.

ಅಕ್ಕೋರು ಓಡಿದರು. ಬೇರೆ ಯಾರೂ ಅಲ್ಲ, ಅವರೇ. ಮಕ್ಕಳು ಹೊಲಿದ ಕೌದಿ ದೊಡ್ಡವರ ಹೆಗಲೇರುತ್ತದೆ ಎಂಬ ಹಿಗ್ಗು ಅವರಿಗೆ. ಗೋಡೆಯಿಂದ ಇಳಿಸಿ, ಧೂಳು ಝಾಡಿಸಿ, ತಾವೇ ಹೊತ್ತು ತಂದುಕೊಟ್ಟರು. ಅತಿಥಿಗಳು ಕೌದಿ ಹೊದ್ದು ನಕ್ಕರು, ಫೋಟೋ ತೆಗೆಸಿಕೊಂಡರು, ಮಂದಿ ಚಪ್ಪಾಳೆ ತಟ್ಟಿದರು. ಅಕ್ಕೋರೂ ತಟ್ಟಿದರು.

ಆಮೇಲೆ ಅತಿಥಿಗಳು ಎದ್ದರು. ಹೆಗಲ ಮೇಲಿನ ಕೌದಿಯನ್ನು ಅವರ ಜೊತೆಗಾರ ಮಡಚಿ ಕಾರಿನಲ್ಲಿಟ್ಟ. ಸನ್ಮಾನದಲ್ಲಿ ಹೊದಿಸಿದ್ದು ಹೊದ್ದವರ ಪಾಲು, ಇದು ನಮ್ಮ ಕಡೆ ಕೂಸಿಗೂ ಗೊತ್ತು. ಗೊತ್ತಿದ್ದೂ ಆ ಹಿಗ್ಗಿನಲ್ಲಿ ಅಕ್ಕೋರಿಗೆ ಅದು ಹೊಳೆದಿರಲಿಲ್ಲ. ಕಾರು ಗೇಟು ದಾಟಿದಾಗ ಹೊಳೆಯಿತು. ಸೀರೆ ಜಗ್ಗಿದಂತಾಗಿ ತಿರುಗಿದರೆ ಶೈಲಶ್ರೀ.

"ಅಕ್ಕೋರ, ಸಾಹೇಬ್ರು ತಿರುಗಿ ಬರ್ತಾರಲ್ರಿ?"

ಕೌದಿಯನ್ನು ವಾಪಸು ತರಿಸಿ ಕೊಡಿ ಎಂದು ಅಕ್ಕೋರು ಕೇಳಿದ್ದಕ್ಕೆ ಬಸವಲಿಂಗ ಸರ್ ಸಿಡಿದರು. "ಹೊಚ್ಚಿದ್ದ ಇಸಕೊಳ್ಳೂದಂದ್ರ ಏನ್ರಿ? ಊರ ಮರ್ಯಾದಿ ಐತಿಲ್ಲೋ? ಚಿಂದಿ ಅರಿವಿಗೆ ಇಷ್ಟ ಯಾಕ? ಇನ್ನೊಂದ ಹೊಲೀರಿ!"

ಅಕ್ಕೋರು ಗಂಡನ ಬೈಕಿನ ಹಿಂದೆ ಕೂತು ಬೈಲಹೊಂಗಲದಲ್ಲಿದ್ದ ಅತಿಥಿಗಳ ಮನೆ ಹುಡುಕಿದರು. ಸಾಹೇಬರು ಇರಲಿಲ್ಲ. ಅವರ ಮನೆಯವರು ಚಹಾ ಕೊಟ್ಟು, ಒಳ್ಳೆಯ ಮಾತಿನಲ್ಲೇ ಹೇಳಿದರು. "ಬಂದಿದ್ದ ಶಾಲೆಲ್ಲಾ ಎಲ್ಲಿ ಇಡಾಕ ಆಗತೈತ್ರಿ? ಅದು ಛಂದ ಇತ್ತಂತ ಗೆಳ್ಯಾರು ಹೊಸಾದಾಗಿ ಮಾಡ್ಯಾರಲ್ಲ ಮ್ಯೂಸಿಯಂ, ಅದಕ್ಕ ಕೊಟ್ಟಬಿಟ್ರು."

ಅದು ಹೆದ್ದಾರಿ ಪಕ್ಕ ಯಾವುದೋ ಟ್ರಸ್ಟಿನವರು ಕಟ್ಟಿಸಿದ ಸಂಗ್ರಹಾಲಯ. ಅಲ್ಲಿನ ಮ್ಯಾನೇಜರ ವಯಸ್ಸಿನಲ್ಲಿ ಸಣ್ಣವನು, ಮರ್ಯಾದಸ್ಥ. ಅಕ್ಕೋರು ಎಲ್ಲವನ್ನೂ ಹೇಳಿಕೊಂಡರು. ಅವ್ವ ಇಲ್ಲದ ಹುಡುಗಿ ಅಂದರು, ಮಾತು ಕೊಟ್ಟೇನಿ ಅಂದರು.

"ಒಮ್ಮೆ ದಾಖಲಾದ ವಸ್ತುವನ್ನು ಹೊರಗೆ ಕೊಡಲು ಬರುವುದಿಲ್ಲ ಮೇಡಂ."

"ಕೌದಿ ಇಟ್ಕೋರಿ ತಮ್ಮಾ. ನಡುವಿನ ತುಂಡ ಅಷ್ಟ ಕೊಡ್ರಿ. ಅದರ ಜಾಗಾಕ್ಕ ನನ್ನ ಸೀರೀದ ಹರದ ಹಚ್ಚತೇನಿ."

"ಹಾಗೆ ಮಾಡಿದರೆ ವಸ್ತು ಕೆಡುತ್ತದೆ ಮೇಡಂ. ಒಂದು ಕೆಲಸ ಮಾಡಿ, ಮಕ್ಕಳನ್ನು ಕರೆದುಕೊಂಡು ಬನ್ನಿ. ಶಾಲಾ ಮಕ್ಕಳಿಗೋಸ್ಕರವೇ ಇದನ್ನು ಕಟ್ಟಿಸಿದ್ದು."

ಅಂದಾನೆಪ್ಪ ಸದಾ ಹೆಂಡತಿಯನ್ನು ಕಾಡಿಸುವ ಮನುಷ್ಯ. ಅಂದು ದಾರಿಯುದ್ದಕ್ಕೂ ಬೈಕನ್ನು ಮೆಲ್ಲಗೆ ಓಡಿಸಿದ. ಬೆನ್ನ ಹಿಂದೆ ಹೆಂಡತಿ ಅಳುತ್ತಿರುವುದು ಅವನಿಗೆ ಗೊತ್ತಾಗಿತ್ತು. ಆಮೇಲೂ ಅಕ್ಕೋರು ಬಿಡಲಿಲ್ಲ. ಟ್ರಸ್ಟಿನವರಿಗೆ ಅರ್ಜಿ ಬರೆದರು, ಫೋನು ಹಚ್ಚಿದರು, ಊರ ಹಿರಿಯರನ್ನು ಕಳಿಸಿದರು. ನೋಡೋಣ, ಮೀಟಿಂಗಿನಲ್ಲಿ ಇಡೋಣ, ಈ ಮಾತೇ ಬಂತು. ಅಷ್ಟರಲ್ಲಿ ಶೈಲಶ್ರೀಯ ಏಳನೇತ್ತೆ ಮುಗಿಯುತ್ತ ಬಂತು. ದಿನಾ ಅಕ್ಕೋರ ಮುಖ ನೋಡುವಳು, ಏನೂ ಕೇಳಳು. ಕೇಳಿ ಜಗಳಾಡಿದ್ದರೆ ಅಕ್ಕೋರಿಗೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಗೊಂದು ದಿನ ಅಕ್ಕೋರೇ ಅವಳನ್ನು ಪಕ್ಕಕ್ಕೆ ಕರೆದರು. "ಕೊಡಸಾಕ ನನ್ನ ಕೈಲೆ ಆಗಲಿಲ್ಲವ್ವ. ಈ ಸಲ ಪ್ರವಾಸಕ್ಕ ಅಲ್ಲೇ ಹೋಗೂಣು. ತೋರಸ್ತೇನಿ." ಹುಡುಗಿ ತಲೆಯಾಡಿಸಿದಳು.

ಪ್ರವಾಸದ ದಿನ ಕರೆವ್ವ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಬಸ್ಸಿನ ತನಕ ಬಂದಳು. ಪೇಪರಿನಲ್ಲಿ ಸುತ್ತಿದ ರೊಟ್ಟಿಯನ್ನು ಅವಳ ಕೈಗೆ ಕೊಟ್ಟು, "ನೋಡಿ ಬಾ ಯವ್ವಾ. ನಾವೆಲ್ಲಾ ಆರಾಮ ಅದೇವಿ ಅಂತ ನಿಮ್ಮವ್ವಗ ಹೇಳು," ಅಂದಳು. ಅಕ್ಕೋರು ಬಸ್ಸಿನ ಆ ಕಡೆಯ ಕಿಟಕಿಗೆ ಮುಖ ಮಾಡಿಕೊಂಡರು.

ಸಂಗ್ರಹಾಲಯ ತಣ್ಣಗಿತ್ತು. ಮಕ್ಕಳು ನೇಗಿಲು, ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಮುಚ್ಚಳ, ಬೀಸುಕಲ್ಲು ನೋಡುತ್ತ ಗದ್ದಲ ಎಬ್ಬಿಸಿದರು. ಶೈಲಶ್ರೀ ಯಾವುದನ್ನೂ ನೋಡಲಿಲ್ಲ. ಕೌದಿ ಇನ್ನೊಂದು ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ನಾಲ್ಕು ಮಡಿಕೆಯಾಗಿ ಮಲಗಿತ್ತು. ಪಕ್ಕದಲ್ಲಿ ಚೀಟಿ: "ಗ್ರಾಮೀಣ ಕೌದಿ. ಹೊಲಿದವರು: ತಿಳಿದಿಲ್ಲ."

ಮೇಲೆ ಕಾಣುತ್ತಿದ್ದದ್ದು ಪಟಗದ ತುದಿ, ಸುನೀಲನ ಕಂಬಳಿ ಚೂರು. ದಾಳಿಂಬೆ ಬಣ್ಣ ಎಲ್ಲೂ ಇಲ್ಲ. ನಡುವಿನ ತುಂಡು ಮಡಿಕೆಯ ಒಳಗೆ ಸೇರಿಕೊಂಡಿತ್ತು. ಹುಡುಗಿ ಪೆಟ್ಟಿಗೆಯ ಸುತ್ತ ಬಂದಳು, ಕುಕ್ಕರಗಾಲಿನಲ್ಲಿ ಕೂತು ಕೆಳಗಿನಿಂದ ಇಣುಕಿದಳು. ಮತ್ತೆ ಸುತ್ತಿದಳು.

ಅಕ್ಕೋರು ಆ ಕೋಣೆ ಕಾಯುವ ರಾಯವ್ವನ ಹತ್ತಿರ ಹೋಗಿ ಕೈ ಹಿಡಿದುಕೊಂಡರು. "ಯಕ್ಕಾ, ಒಂದ ಗಳಿಗಿ ತಗದು ಬಿಚ್ಚಿ ತೋರಸ್ರಿ. ನಿಮ್ಮ ಪುಣ್ಯಾ."

"ಕೀಲಿ ಮ್ಯಾನೇಜರ ಸಾಹೇಬ್ರ ಹಂತೇಕ ಐತ್ರಿ. ಅವರು ಇವತ್ತ ಊರಾಗಿಲ್ಲ," ಎಂದಳು ರಾಯವ್ವ. ಆಮೇಲೆ ಏನೋ ನೆನಪಾಗಿ ದನಿ ತಗ್ಗಿಸಿದಳು. "ಅದು ಬಂದಾಗ ನಡುವ ಉಬ್ಬಿತ್ರಿ. ಬಿಚ್ಚಿ ನೋಡಿದ್ರ ರೊಟ್ಟಿ ಚೂರು! ಹುಳ ಹತ್ತತಾವಂತ ತಗದ ಚೆಲ್ಲಿ, ಔಷಧ ಹೊಡದು ಇಟ್ಟೇವಿ."

ಅಷ್ಟರಲ್ಲಿ ಶೈಲಶ್ರೀ ಬಂದು ಪಕ್ಕದಲ್ಲಿ ನಿಂತಳು. ಅಳುತ್ತಿರಲಿಲ್ಲ.

"ಇರಲಿ ಬಿಡ್ರಿ ಅಕ್ಕೋರ. ಒಳಗ ಐತಿ. ಬಿಸಲು ಬೀಳಂಗಿಲ್ಲ, ಬಣ್ಣ ಹೋಗಂಗಿಲ್ಲ." ಮತ್ತೆ ಗಾಜಿನ ಕಡೆ ನೋಡಿ ಕೇಳಿದಳು. "ಅದರ ಹೊಟ್ಟಿ ತುಂಬೇತಲ್ರಿ? ನಾವು ಹಾಕಿದ್ದ ರೊಟ್ಟಿ ಹಂಗ ಐತಲ್ರಿ?"

ರಾಯವ್ವ ಬಾಯಿ ತೆರೆದಳು. ಅಕ್ಕೋರು ಅವಳ ಕೈಯನ್ನು ಗಟ್ಟಿಯಾಗಿ ಅದುಮಿದರು. ವರ್ಷಗಟ್ಟಲೆ ಮಕ್ಕಳ ಮುಂದೆ ನಿಂತು, ಗೊತ್ತಿದ್ದದ್ದನ್ನು ಗೊತ್ತಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಹೆಂಗಸು ಅವರು.

"ಐತವ್ವ," ಅಂದರು. "ಹಂಗ ಐತಿ."

"ಹಂಗಾರ ಬೆಚ್ಚಗ ಇರತಾಳ ನಮ್ಮವ್ವ," ಎಂದಳು ಹುಡುಗಿ. ಗಾಜಿನ ಮೇಲೆ ಒಮ್ಮೆ ಅಂಗೈ ಇಟ್ಟಳು. ಮುಟ್ಟಬೇಡ ಎಂದು ಈ ಸಲ ಅಕ್ಕೋರು ಹೇಳಲಿಲ್ಲ, ರಾಯವ್ವನೂ ಹೇಳಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಮಕ್ಕಳು ಬುತ್ತಿ ಬಿಚ್ಚಿದರು. ಶೈಲಶ್ರೀ ಪೇಪರು ಬಿಡಿಸಿ, ರೊಟ್ಟಿಯನ್ನು ಎರಡು ಭಾಗ ಮುರಿದು, ದೊಡ್ಡದನ್ನು ಅಕ್ಕೋರಿಗೆ ಚಾಚಿದಳು. "ತಿನ್ರಿ ಅಕ್ಕೋರ. ಮುಂಜಾನಿಂದ ನೀವು ಏನೂ ತಿಂದಿಲ್ಲ." ಅಕ್ಕೋರು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಹುಡುಗಿ ತಮ್ಮನ್ನೇ ನೋಡುತ್ತಿದ್ದಳಲ್ಲ, ಅದಕ್ಕೆ ಅಗಿದರು. ನುಂಗಲು ಮಾತ್ರ ಅವರಿಂದ ಆಗಲಿಲ್ಲ.