ಪುಟ್ಟಲಕ್ಷ್ಮಕ್ಕನ ಜಿಂಕ್ ಮಾತ್ರೆ

ಯಾವ ಮಗುವಿಗೆ ಜಿಂಕ್ ಮಾತ್ರೆ ಕರಗಿಸಿದರೂ ಪುಟ್ಟಲಕ್ಷ್ಮಕ್ಕ ಮೊದಲು ಒಂದು ಹನಿ ಬೆರಳಿಗೆ ಹಚ್ಚಿಕೊಂಡು ತಾನೇ ನೆಕ್ಕಿ ನೋಡುತ್ತಿದ್ದಳು. ಆಮೇಲೆ ಮುಖ ಕಿವುಚಿ, "ಥೂ, ತಗಡು ನೆಕ್ದಂಗೈತೆ ಕಣವ್ವಾ. ಕೂಸು ಉಗೀದೆ ಇನ್ನೇನ್ ಮಾಡ್ತದೆ? ಉಗುದ್ರೆ ಇನ್ನೊಂದ್ಸಲ ಕುಡ್ಸು" ಎನ್ನುತ್ತಿದ್ದಳು.

ಕೋಡಿಹಳ್ಳಿಯಲ್ಲಿ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಆಕೆ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಮನೆಯೊಳಗೆ ಬರುವ ಮೊದಲೇ ಕೇಳಿಸುವ ದನಿ.

ನನ್ನ ಮಗನಿಗೆ ವರ್ಷ ತುಂಬಿದಾಗ ಬೇದಿ ಹಿಡಿಯಿತು. ಓಆರ್‌ಎಸ್ ಪೊಟ್ಟಣದ ಜೊತೆ ದಿನಕ್ಕೊಂದರಂತೆ ಹದಿನಾಲ್ಕು ಜಿಂಕ್ ಮಾತ್ರೆ ಕೊಟ್ಟಳು. "ಬೇದಿ ನಿಂತೋಯ್ತು ಅಂತ ಬುಟ್ಬುಡ್ಬೇಡ. ಮೈಯಾಗಿರೋ ಜಿಂಕೂ ಅದ್ರ ಜೊತೆ ಹೊಂಟೋಗಿರ್ತದೆ. ಅದು ತುಂಬ್ಕೊಂಡ್ರೇನೆ ಕೂಸಿಗೆ ಕಾಯ್ಲೆ ತಡ್ಯೋ ಸಕ್ತಿ."

ನಾನು ಬಿ.ಎಸ್ಸಿ. ಓದಿದವಳು. ಇವಳಿಂದ ಕಲಿಯಬೇಕೇ ಎಂದುಕೊಂಡೆ. ಮೂರನೇ ದಿನಕ್ಕೆ ಬೇದಿ ನಿಂತಿತು. ಉಳಿದ ಮಾತ್ರೆಗಳನ್ನು ತಿಪ್ಪೆಗೆ ಎಸೆದೆ. ಆಕೆ ಬಂದು "ಇವತ್ತು ಎಷ್ಟನೇದವ್ವಾ?" ಎಂದಾಗಲೆಲ್ಲ ಲೆಕ್ಕ ತಪ್ಪದಂತೆ ಸುಳ್ಳು ಹೇಳಿದೆ.

ಮರುತಿಂಗಳು ಮಗುವಿಗೆ ಮತ್ತೆ ಬೇದಿ. ಈ ಸಲ ಕನಕಪುರದ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. "ಜಿಂಕ್ ಪೂರ್ತಿ ಕೊಟ್ಟಿದ್ರಾ?" ಎಂದು ಡಾಕ್ಟರ್ ಕೇಳಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಕೊಟ್ಟೆ" ಎಂದೆ. ಊರಿಗೆ ಬಂದ ಮೇಲೆ ಆ ಸುಳ್ಳನ್ನು ಉಳಿಸಿಕೊಳ್ಳಲು ಇನ್ನೂ ದೊಡ್ಡದನ್ನು ಹೇಳಿದೆ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ, ಅತ್ತೆಯೂ ಕುಳಿತಿರುವಾಗ ಎಲ್ಲರ ಎದುರು, "ನಿಮ್ಮ ಮಾತ್ರೆಯಿಂದಲೇ ನನ್ನ ಮಗ ಹಿಂಗಾದ" ಎಂದುಬಿಟ್ಟೆ.

ಪುಟ್ಟಲಕ್ಷ್ಮಕ್ಕ ನನ್ನನ್ನೇ ನೋಡಿದಳು. ಚೀಲ ಹೆಗಲಿಗೇರಿಸಿಕೊಂಡು ಎದ್ದು ಹೋದಳು.

ಆಮೇಲೆ ಬೀದಿಯ ಹೆಂಗಸರು ಆಕೆಯಿಂದ ಮಾತ್ರೆ ಈಸಿಕೊಳ್ಳುವುದನ್ನೇ ಬಿಟ್ಟರು. ಬೇದಿಯಾದ ಮಗುವಿರುವ ಎದುರುಮನೆಯ ಬಾಗಿಲಲ್ಲಿ ಆಕೆ ಕೂಗಿ ಕೂಗಿ ವಾಪಸಾದದ್ದನ್ನು ಒಂದು ಬೆಳಿಗ್ಗೆ ಕಿಟಕಿಯಿಂದ ಕಂಡೆ. ತಡೆಯಲಾಗದೆ ಅವಳ ಮನೆಗೆ ಹೋದೆ. ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು.

"ಅಕ್ಕಾ, ನಾನು ಕೊಟ್ಟಿದ್ದು ಮೂರೇ ಮಾತ್ರೆ."

"ಗೊತ್ತು ಕಣವ್ವಾ. ಅವತ್ತು ಸಭೇಲಿ ನಿನ್ ಮೊಕ ನೋಡ್ದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮತ್ತೆ ಕುಂತಿದ್ರಲ್ಲ. ಕೂಸು ಆಸ್ಪತ್ರೆಯಿಂದ ಬಂದು ಎಲ್ಡು ದಿನ. ನಿನ್ ಗತಿ ಏನಾಗ್ತಿತ್ತು?" ಮೊರ ಕೆಳಗಿಟ್ಟಳು. "ನಂಗೆ ಹೇಳ್ದೆ, ಸರಿ. ಆ ಹೆಂಗಸ್ರಿಗೂ ಒಸಿ ಹೇಳ್ಬುಡವ್ವಾ. ಅವ್ರ ಮನೇಲೂ ಕೂಸ್ಗಳವೆ."

ಹೇಳುತ್ತೇನೆ ಎಂದೆ. ಮುಂದಿನ ಸಭೆಗೆ ಹೋಗಲಿಲ್ಲ. ಅದರ ಮುಂದಿನದಕ್ಕೆ ಹೋಗಿ ಸುಮ್ಮನೆ ಕುಳಿತು ಬಂದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಪುಟ್ಟಲಕ್ಷ್ಮಕ್ಕ ಎದೆನೋವೆಂದು ಮಲಗಿದವಳು ಏಳಲಿಲ್ಲ. ಅಂಗನವಾಡಿಯಲ್ಲಿ ಫೋಟೋ ಇಟ್ಟು, ಹೂ ಹಾಕಿ, ಒಬ್ಬೊಬ್ಬರೇ ಎರಡು ಮಾತಾಡಿದರು. ನನ್ನ ಸರದಿ ಬಂದಾಗ ಎದ್ದು ನಿಂತೆ. ಎದುರಿಗೆ ಅದೇ ಹೆಂಗಸರು. "ತುಂಬಾ ಒಳ್ಳೆಯವರು" ಎಂದಷ್ಟೇ ಹೇಳಿ ಕುಳಿತುಕೊಂಡೆ.