ಪಾಠ ತಪ್ಪಿದ ರೋಗಿ

‘ಯಜಮಾನ್ರೇ, ಕುಡಿಯೋ ಅಭ್ಯಾಸ ಇದೆಯಾ?’ ಎಂದು ಆ ವಿದ್ಯಾರ್ಥಿನಿ ಕೇಳಿದಾಗ ನಾನು ‘ದಿನಾ ಕುಡೀತೀನಿ ಕಣವ್ವ’ ಎನ್ನಬೇಕಿತ್ತು. ಮೆಡಿಕಲ್ ಕಾಲೇಜಿನವರು ವಿದ್ಯಾರ್ಥಿಗಳ ಪರೀಕ್ಷೆಗೆಂದು ಮಾಂಬಳ್ಳಿಯಿಂದ ನನ್ನನ್ನು ಕರೆಸಿ, ಕುಡಿದು ಹೊಟ್ಟೆನೋವು ತಂದುಕೊಂಡ ರೋಗಿಯಂತೆ ನಟಿಸಲು ಹೇಳಿಕೊಟ್ಟಿದ್ದರು. ನರಳಾಟವೆಲ್ಲ ಸಲೀಸಾಗಿ ಬಂತು. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಮಗಳ ವಯಸ್ಸಿನವಳೆದುರು ಆ ಮಾತು ಬಾಯಿಗೆ ಬರಲಿಲ್ಲ. ‘ಶಿವಶಿವಾ, ನಾವು ಅದ್ನ ಮುಟ್ಟೋರಲ್ಲ ಕಣವ್ವ’ ಎಂದುಬಿಟ್ಟೆ.

ಅವಳು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಇನ್ನೊಮ್ಮೆ ಕೇಳಿದಳು. ಆಗಲೂ ಇಲ್ಲವೆಂದೆ. ಹೊರಗೆ ಬಂದ ಮೇಲೆ ಚಿಂತೆ ಹತ್ತಿತು. ನನ್ನಿಂದ ಆ ಹುಡುಗಿ ಫೇಲಾದರೆ? ಪಕ್ಕದಲ್ಲೇ ಕೂತು ಪರೀಕ್ಷೆ ನೋಡಿದ್ದ ಪ್ರೊಫೆಸರ್ ಬಳಿ ಓಡಿಹೋಗಿ, ‘ತಪ್ಪು ನಂದು ಸಾ, ಆ ಕೂಸ್ನ ಫೇಲ್ ಮಾಡ್ಬೇಡಿ’ ಎಂದು ಕೈಮುಗಿದೆ.

ಅವರು ನಕ್ಕರು. ‘ನಿಜವಾದ ರೋಗಿಗಳೂ ಹೀಗೇ ಮುಚ್ಚಿಡ್ತಾರೆ. ಬಿಡದೆ ಎರಡನೇ ಸಲ ಕೇಳಿದಳಲ್ಲ, ಪಾಸಾಗಿದ್ದಾಳೆ ಹೋಗಿ’ ಎಂದರು. ಹೋದ ಜೀವ ಬಂದಂತಾಯಿತು.

ಮರುದಿನವೇ ಯಳಂದೂರಿಗೆ, ನನ್ನ ಕೆಮ್ಮಿಗೆ ಔಷಧಿ ಕೊಡುವ ಡಾಕ್ಟರ ಬಳಿ ಹೋದೆ. ವರ್ಷಗಳಿಂದ ಮುಚ್ಚಿಟ್ಟಿದ್ದ ಬೀಡಿಯ ವಿಷಯವನ್ನು ನಾನಾಗಿಯೇ ಬಾಯಿಬಿಟ್ಟೆ. ಪಾಪ, ಅವರೂ ಎಷ್ಟೋ ಸಲ ಕೇಳಿದ್ದರು.